ರಟ್ಟಿನ ಮರೆ

ದೀಪಾವಳಿಗೆ ಬಂದವನು ಊಟವಾದ ಮೇಲೆ ಜಗಲಿಯಲ್ಲಿ ಪಕ್ಕಕ್ಕೆ ಕೂತು ಫೋನು ತೋರಿಸಿದೆಯಲ್ಲ ಮಗು, ಅವತ್ತಿನಿಂದ ನನಗೆ ಅದೇ ಯೋಚನೆ. ನಿಮ್ಮ ಕಾಲೇಜಿನ ಹೆಸರಿನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಒಂದು ಕನ್ಫೆಷನ್ ಪೇಜು. ಅದನ್ನು ನಡೆಸುತ್ತಿರುವವನು ನೀನು ಅಂತ ನಿನ್ನ ರೂಮಿನ ಹುಡುಗನಿಗೂ ಗೊತ್ತಿಲ್ಲ. ಗೂಗಲ್ ಫಾರ್ಮಿನಲ್ಲಿ ಯಾರು ಬೇಕಾದರೂ ಹೆಸರು ಹಾಕದೆ ಬರೆದು ಕಳಿಸುತ್ತಾರೆ, ನೀನು ಆರಿಸಿ ಹಾಕುತ್ತೀಯ, ಮೂರು ಸಾವಿರ ಮಕ್ಕಳು ಓದುತ್ತಾರೆ. ಕ್ಯಾಂಟೀನಿನ ಸಾಂಬಾರು, ಲೈಬ್ರರಿಯಲ್ಲಿ ಕಂಡ ಹುಡುಗಿಯ ಜುಮುಕಿ, ಸಪ್ಲಿಮೆಂಟರಿ ಪರೀಕ್ಷೆಯ ಭಯ. ಓದಿ ನಾನೂ ನಕ್ಕೆ. ಆಮೇಲೆ ನೀನು ಇನ್ನೂ ಹಾಕದೆ ಇಟ್ಟುಕೊಂಡಿದ್ದ ಮೂರನ್ನು ತೋರಿಸಿದೆ.

ಒಂದರಲ್ಲಿ ಒಬ್ಬ ಹುಡುಗಿಯ ಹೆಸರು, ಸೆಕ್ಷನ್ ಸಮೇತ, ಅವಳು ಯಾರ ಬೈಕಿನಲ್ಲಿ ಎಲ್ಲಿಗೆ ಹೋಗಿದ್ದಳು ಎಂಬ ನಾಲ್ಕು ಹೊಲಸು ಸಾಲು. ಇನ್ನೊಂದರಲ್ಲಿ ಲ್ಯಾಬಿನ ಮೇಷ್ಟ್ರೊಬ್ಬರು ಬೆನ್ನ ಹಿಂದೆ ಬಂದು ನಿಂತು ಮೈ ತಾಕಿಸುತ್ತಾರೆ, ಇಂಟರ್ನಲ್ಸ್ ಅಂಕ ಅವರ ಕೈಯಲ್ಲಿದೆ, ಯಾರಿಗೆ ಹೇಳಲಿ ಎಂಬ ಮಾತು. ಮೂರನೆಯದು ಒಂದೇ ಸಾಲು: ಸಾಕಾಗಿದೆ, ಇನ್ನು ಇರಬಾರದು ಅನ್ನಿಸುತ್ತಿದೆ. “ದೊಡ್ಡಮ್ಮ, ಇವನ್ನ ಹಾಕಲಾ, ಬೇಡವಾ?” ಅಂದೆ.

ಮೂರನೆಯದಕ್ಕೆ ಯೋಚಿಸುತ್ತ ಕೂರುವ ಹೊತ್ತಿರಲಿಲ್ಲ. ಅವತ್ತು ರಾತ್ರಿಯೇ ಇಬ್ಬರೂ ಸೇರಿ ಪೇಜಿನಲ್ಲಿ ಹಾಕಿದೆವು: ನೀನು ಬರೆದದ್ದು ಓದಿದ್ದೇವೆ, 14416ಕ್ಕೆ ಫೋನು ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಲೇಬೇಕು ಅಂತಿಲ್ಲ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದಕ್ಕೆ ಮೂಲಸ್ಥಾನ. ಸಾಲು ಹಾಕಿದ ಮೇಲೆ ನೀನು ಮಲಗಲಿಲ್ಲ, ನಾನೂ ಮಲಗಲಿಲ್ಲ. ಆ ಮಗು ಯಾವ ಹಾಸ್ಟೆಲು, ಯಾವ ಕೋಣೆ ಎಂದು ಗೊತ್ತಿದ್ದರೆ ಯಾರನ್ನಾದರೂ ಕಳಿಸಿ ಬಾಗಿಲು ತಟ್ಟಿಸಬಹುದಿತ್ತು. ಹೆಸರು ಕೇಳದೆ ಇದ್ದದ್ದರಿಂದಲೇ ಅದು ಆ ಸಾಲನ್ನು ಬರೆಯಿತು, ಹೆಸರು ಇಲ್ಲದ್ದರಿಂದಲೇ ನಮ್ಮ ಕೈ ಅದಕ್ಕೆ ಎಟುಕಲಿಲ್ಲ. ಮೂರು ದಿನದ ಮೇಲೆ ಅದೇ ಫಾರ್ಮಿನಲ್ಲಿ ‘ಮಾತಾಡಿದೆ’ ಅಂತ ಒಂದೇ ಪದ ಬಂದಿದೆ ಎಂದು ನೀನು ಹೇಳಿದಾಗ ದೇವರ ಮುಂದೆ ಹೋಗಿ ದೀಪ ಹಚ್ಚಿದೆ. ಅದು ಅದೇ ಮಗುವೋ ಅಲ್ಲವೋ, ಯಾರು ಬಲ್ಲರು.

ಉಳಿದೆರಡಕ್ಕೆ ಉತ್ತರ ಹೇಳಲು ಇಷ್ಟು ದಿನ ಹಿಡಿಯಿತು. ಯಾಕೆಂದರೆ ಅದಕ್ಕೆ ನನ್ನ ಕೆಲಸದ ಕಥೆ ಹೇಳಬೇಕು, ಅದರಲ್ಲಿ ನಿನ್ನ ಅಮ್ಮನಿಗೂ ನಾನು ಹೇಳದೆ ಇದ್ದದ್ದು ಒಂದಿದೆ.

1984ರಲ್ಲಿ ತಾಲ್ಲೂಕು ಕಚೇರಿಗೆ ಸೇರಿದಾಗ ನನಗೆ ಕೊಟ್ಟ ಮೊದಲ ಕೆಲಸ ಟಪಾಲು. ಬೆಳಿಗ್ಗೆ ಅಂಚೆಯವರು ತಂದು ಹಾಕಿದ ಲಕೋಟೆ ಒಡೆದು, ತಾರೀಖಿನ ಮೊಹರು ಒತ್ತಿ, ರಿಜಿಸ್ಟರಿನಲ್ಲಿ ನಂಬರು ಕೊಟ್ಟು ಆಯಾ ವಿಷಯ ನಿರ್ವಾಹಕರಿಗೆ ಮುಟ್ಟಿಸಬೇಕು. ವಾರಕ್ಕೆ ಎರಡು ಮೂರರಲ್ಲಿ ಸಹಿ ಇರುತ್ತಿರಲಿಲ್ಲ. ಕೊನೆಯಲ್ಲಿ ‘ಇಂತಿ ನೊಂದ ಗ್ರಾಮಸ್ಥರು’ ಅಂತಲೋ ‘ನಿಮ್ಮ ಹಿತೈಷಿ’ ಅಂತಲೋ ಇರುತ್ತಿತ್ತು. ಇಂಥದ್ದಕ್ಕೆ ಕಚೇರಿಯಲ್ಲಿ ಮೂಗರ್ಜಿ ಅನ್ನುತ್ತಿದ್ದೆವು. ಬರಹದ ಗುರುತು ಸಿಗದಿರಲಿ ಅಂತ ಎಡಗೈಯಲ್ಲಿ ಬರೆದವರು, ಪಕ್ಕದ ಊರಿಗೆ ಹೋಗಿ ಡಬ್ಬಿಗೆ ಹಾಕಿದವರು, ಕಾರ್ಬನ್ ಇಟ್ಟು ಜಿಲ್ಲಾಧಿಕಾರಿಯಿಂದ ಮಂತ್ರಿಯವರೆಗೆ ಆರು ಪ್ರತಿ ಕಳಿಸಿದವರು. ಮೇಲಿನವರ ಷರಾ ಹೆಚ್ಚುಕಡಿಮೆ ಒಂದೇ: ಸಹಿ ಇಲ್ಲ, ಫೈಲ್ ಮಾಡಿ. ಮುಂದೆ 1999ರಲ್ಲಿ ಕೇಂದ್ರ ಜಾಗೃತ ಆಯೋಗವೂ ಅನಾಮಧೇಯ ದೂರಿನ ಮೇಲೆ ಕ್ರಮ ಬೇಡ ಅಂತ ಸುತ್ತೋಲೆ ಹೊರಡಿಸಿತು. ನೌಕರರನ್ನು ಹಣ್ಣುಗಾಯಿ ಮಾಡಲು ಮೂಗರ್ಜಿಯನ್ನು ಬಳಸುವವರು ಅಷ್ಟು ಹೆಚ್ಚಿದ್ದರು.

ಒಂದು ಮಳೆಗಾಲದಲ್ಲಿ ಬಂದ ಮೂಗರ್ಜಿ ಈಗಲೂ ಕಣ್ಣ ಮುಂದಿದೆ. ಮಕ್ಕಳ ಲೆಕ್ಕದ ಪುಸ್ತಕದಿಂದ ಹರಿದ ಚೌಕುಳಿ ಹಾಳೆ. ಅಕ್ಷರ ಎಳೆಯ ಕೈಯದು, ಮಾತು ದೊಡ್ಡವರದು. ಯಾರೋ ಹೇಳಿ ಮಗುವಿನ ಕೈಲಿ ಬರೆಸಿದ್ದರು. ನಮ್ಮೂರ ನ್ಯಾಯಬೆಲೆ ಅಂಗಡಿಯಿಂದ ಇಂಥ ದಿನ ರಾತ್ರಿ ಇಷ್ಟು ಮೂಟೆ ಅಕ್ಕಿ ಇಂಥ ನಂಬರಿನ ಟ್ರ್ಯಾಕ್ಟರಿನಲ್ಲಿ ಹೋಯಿತು, ನಮಗೆ ಸ್ಟಾಕು ಮುಗಿದಿದೆ ಅಂದರು. ಅಷ್ಟೇ. ಬೈಗುಳ ಇಲ್ಲ, ಅಂಗಡಿಯವನ ಹೆಂಡತಿ ಮಕ್ಕಳ ಸುದ್ದಿ ಇಲ್ಲ. ಆಗ ಇದ್ದ ತಹಸೀಲ್ದಾರರು ಒಳ್ಳೆಯವರು. ಅರ್ಜಿಯ ಮೇಲೆ ಕ್ರಮ ಅಂತ ಬರೆಯದೆ, ತಾವಾಗಿ ತಪಾಸಣೆಗೆ ಹೊರಟಂತೆ ಹೊರಟು ಆ ಊರಿನ ದಾಸ್ತಾನು ಪುಸ್ತಕ ತೆಗೆಸಿದರು. ಲೆಕ್ಕ ತಾಳೆಯಾಗಲಿಲ್ಲ, ಅಂಗಡಿಯ ಲೈಸೆನ್ಸು ಹೋಯಿತು. ಆ ಹಾಳೆಯ ಕೆಳಗೆ ಹೆಸರಿದ್ದಿದ್ದರೆ ಆ ಮನೆಗೆ ಮರುದಿನದಿಂದ ರೇಷನ್ನೂ ಇಲ್ಲ, ಬಾವಿಯ ನೀರೂ ಇಲ್ಲ. ಬರೆಸಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗದೆ ಇದ್ದದ್ದೇ ಸರಿ.

ಇನ್ನೊಂದು ನನ್ನ ಮೇಲೆ ಬಂದದ್ದು. 1996, ನನಗೆ ಪ್ರಥಮ ದರ್ಜೆ ಸಹಾಯಕಿಯಾಗಿ ಬಡ್ತಿ ಸಿಕ್ಕ ವರ್ಷ. ಬಡ್ತಿ ಹೇಗೆ ಸಿಕ್ಕಿತು, ಸಂಜೆ ಆರರವರೆಗೆ ಯಾರ ಕೋಣೆಯಲ್ಲಿ ಇರುತ್ತಾಳೆ ಎಂದು ಒಂದೂವರೆ ಪುಟ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ನಿನ್ನ ದೊಡ್ಡಪ್ಪನ ಆಫೀಸಿಗೆ. ಅವರು ಮನೆಗೆ ಬಂದು ಕಾಗದ ನನ್ನ ಕೈಗೆ ಕೊಟ್ಟರು, ನಾನು ಓದಿ ಮುಗಿಸುವವರೆಗೆ ಎದುರಿಗೆ ನಿಂತಿದ್ದರು, ಆಮೇಲೆ ತೆಗೆದುಕೊಂಡು ಹೋಗಿ ಹಂಡೆ ಒಲೆಗೆ ಹಾಕಿದರು. ಆ ವಿಷಯ ಮತ್ತೆ ಎತ್ತಲಿಲ್ಲ. ಎಲ್ಲ ಹೆಂಗಸರಿಗೂ ಅಂಥ ಗಂಡ ಸಿಗುವುದಿಲ್ಲ ಮಗು. ಇಂಥದೇ ಕಾಗದದಿಂದ ತವರಿಗೆ ಹೊರಟು ಹೋದವರನ್ನು ನಾನು ಬಲ್ಲೆ.

ಕಾಗದದಲ್ಲಿದ್ದ ಮಾತು ಒಂದು ತಿಂಗಳಿಗೆ ಮಾಯಿತು. ಮಾಯದೆ ಉಳಿದದ್ದು ಬೇರೆ. ನಮ್ಮ ಕಚೇರಿಯಲ್ಲಿ ನನ್ನನ್ನು ಬಿಟ್ಟು ಹದಿನಾಲ್ಕು ಜನ. ಯಾವ ಕಡತ ಬಂದರೂ ಒಕ್ಕಣೆ ಓದುವ ಮೊದಲು ‘ಳ’ ಅಕ್ಷರದ ಬಾಲ ನೋಡುತ್ತಿದ್ದೆ. ಬೆಳಿಗ್ಗೆ ನಮಸ್ಕಾರ ಅಂದವರ ಮುಖದಲ್ಲಿ ನೀನೇನಾ ಅಂತ ಹುಡುಕುತ್ತಿದ್ದೆ. ದಿನಾ ಜೊತೆಗೆ ಬುತ್ತಿ ಬಿಚ್ಚುತ್ತಿದ್ದ ಗೆಳತಿಯೊಬ್ಬಳಿಗೆ ಆ ಸಲ ಬಡ್ತಿ ತಪ್ಪಿತ್ತು; ನಾನು ಅವಳ ಜೊತೆ ಊಟ ಬಿಟ್ಟೆ. ಅವಳು ಎರಡು ಸಲ ಕೇಳಿದಳು, ಯಾಕೆ ಅಂತ. ನಾನು ಹೇಳಲಿಲ್ಲ. ಅವಳು ಬರೆದವಳಲ್ಲ ಅಂತ ಈಗ ನನ್ನ ಮನಸ್ಸು ಗಟ್ಟಿಯಾಗಿ ಹೇಳುತ್ತದೆ. ಅವಳಿಗೆ ಹೇಳೋಣವೆಂದರೆ ಅವಳು ತೀರಿಕೊಂಡು ಒಂಬತ್ತು ವರ್ಷವಾಯಿತು. ಬರೆದವರು ಒಬ್ಬರೇ, ಆದರೆ ಆ ಒಬ್ಬರು ಮುಖ ಮುಚ್ಚಿಕೊಂಡದ್ದರಿಂದ ಉಳಿದ ಹದಿಮೂರು ಜನರ ಮುಖಕ್ಕೂ ಮಸಿ ಅಂಟಿತು. ನಿನಗೆ ಬಂದಿರುವ ಮೊದಲನೆಯದನ್ನು ಪೇಜಿನಲ್ಲಿ ಹಾಕಿದ್ದರೆ ಆ ಹುಡುಗಿ ಬರೀ ಅವಮಾನ ಪಡುತ್ತಿರಲಿಲ್ಲ, ತನ್ನ ಕ್ಲಾಸಿನ ಅರವತ್ತು ಮಂದಿಯಲ್ಲಿ ಯಾರನ್ನೂ ನಂಬಲಾರದೆ ಉಳಿದ ವರ್ಷ ಕಳೆಯುತ್ತಿದ್ದಳು.

ಎರಡೂ ಮೂಗರ್ಜಿಯೇ, ಎರಡನ್ನೂ ನಾನೇ ಕೈಯಲ್ಲಿ ಹಿಡಿದು ಓದಿದವಳು. ಎರಡಕ್ಕೂ ಏನು ವ್ಯತ್ಯಾಸ ಅಂತ ಬಹಳ ವರ್ಷ ಯೋಚಿಸಿದ್ದೇನೆ. ಅದು ಸ್ಪಷ್ಟವಾದದ್ದು ಚುನಾವಣೆ ಡ್ಯೂಟಿಯಲ್ಲಿ. ಮತಗಟ್ಟೆಯಲ್ಲಿ ನಾವು ಕೊಡುವ ಮರೆ ಏನು ಮಹಾ? ಮಡಚಿ ನಿಲ್ಲಿಸಿದ ಒಂದು ರಟ್ಟು. ಒಂದೂರಿನಲ್ಲಿ ಕೂಲಿಯ ಮುದುಕಿಯೊಬ್ಬಳು ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ರಟ್ಟಿನ ಹತ್ತಿರ ಹೋಗಿ, ಮತ್ತೆ ವಾಪಸು ಬಂದು ನನ್ನ ಕಿವಿಯ ಹತ್ತಿರ ಕೇಳಿದಳು: “ಅವ್ವಾ, ನಾನು ಯಾವುದಕ್ಕೆ ಒತ್ತಿದೆ ಅಂತ ಸಾಹುಕಾರ್ರಿಗೆ ಗೊತ್ತಾಗ್ತದಾ?” ಸಾಹುಕಾರ್ರು ಹೊರಗೆ ಹುಣಸೆ ಮರದ ಕೆಳಗೆ ನಿಂತಿದ್ದರು. ಗೊತ್ತಾಗಲ್ಲ ಕಣಮ್ಮ, ನನಗೂ ಗೊತ್ತಾಗಲ್ಲ ಅಂದೆ. ಅವಳು ಒತ್ತಿ ಬಂದಾಗ ಅವಳ ನಡಿಗೆಯೇ ಬೇರೆ ಇತ್ತು.

ಆ ಮರೆ ಅವಳಿಗಿಂತ ಬಲವಾದವನ ಕಣ್ಣಿನಿಂದ ಅವಳನ್ನು ಕಾಯುತ್ತಿತ್ತು. ಅಕ್ಕಿ ಮೂಟೆಯ ಹಾಳೆಗೂ ಅದೇ ಮರೆ. ನನ್ನ ಮೇಲೆ ಬರೆದವರಿಗೆ ನನ್ನಿಂದ ಏನು ಭಯವಿತ್ತು? ನನ್ನ ಕೈಯಲ್ಲಿ ಅವರ ಅನ್ನ ಇರಲಿಲ್ಲ. ಕಲ್ಲು ಹೊಡೆದು ಬಚ್ಚಿಟ್ಟುಕೊಳ್ಳಲಿಕ್ಕೆ ಅವರಿಗೆ ಮರೆ ಬೇಕಿತ್ತು. ಬಲವಿದ್ದವನೇ ಮರೆ ಕೇಳಿದಾಗಲೂ ಹುಷಾರಾಗಿರಬೇಕು. ಪಕ್ಷಗಳಿಗೆ ದೇಣಿಗೆ ಕೊಡುವವರ ಹೆಸರನ್ನು ಮತದಾರರಿಂದ ಮುಚ್ಚಿಡುವ ಚುನಾವಣಾ ಬಾಂಡು 2018ರಲ್ಲಿ ಬಂತು; 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಮುದುಕಿಯ ಒಂದು ಓಟು ಗುಟ್ಟಾಗಿರಬೇಕು, ಕೋಟಿ ಕೊಡುವವರ ಹೆಸರು ಗುಟ್ಟಾಗಿರಬಾರದು. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ.

ಹಾಗಾದರೆ ಇಂಟರ್ನೆಟ್ಟಿನಲ್ಲಿ ಎಲ್ಲರೂ ಅಸಲಿ ಹೆಸರಿನಲ್ಲೇ ಬರೆಯಬೇಕು ಅಂತ ಕಾನೂನು ತಂದುಬಿಡಲಿ ಎಂದು ನಿಮ್ಮಪ್ಪ ಅವತ್ತು ಅಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಮಾತು ಒಪ್ಪಿಗೆಯಾಗುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಅದನ್ನೇ ಮಾಡಿ ನೋಡಿದರು. 2007ರಿಂದ ದೊಡ್ಡ ಜಾಲತಾಣಗಳಲ್ಲಿ ಬರೆಯಬೇಕಾದರೆ ಮೊದಲು ಗುರುತು ಖಾತ್ರಿ ಮಾಡಿಸಬೇಕಿತ್ತು. 2011ರಲ್ಲಿ ಅಲ್ಲಿನ ಒಂದು ದೊಡ್ಡ ತಾಣಕ್ಕೆ ಕನ್ನ ಬಿದ್ದು ಸುಮಾರು ಮೂರೂವರೆ ಕೋಟಿ ಜನರ ವಿವರ ಕಳ್ಳರ ಪಾಲಾಯಿತು. ಮರುವರ್ಷ ಆಗಸ್ಟಿನಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ತೆಗೆದು ಹಾಕಿತು. ಕೆಟ್ಟ ಬರಹ ಹೇಳಿಕೊಳ್ಳುವಂತೆ ಕಡಿಮೆಯಾಗಿರಲಿಲ್ಲ, ಜನ ಹೊರದೇಶದ ತಾಣಗಳಿಗೆ ಹೊರಟುಹೋಗಿದ್ದರು. ಅಸಲಿ ಹೆಸರು ಹಾಕಿಕೊಂಡೇ ಹೊಲಸು ಬರೆಯುವವರನ್ನು ನಾವೂ ದಿನಾ ನೋಡುತ್ತೇವಲ್ಲ.

ನಮ್ಮಲ್ಲೂ ತನ್ನ ವಿವರ ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕಿಗಾಗಿ ಒಬ್ಬ ಹಿರಿಯರು ನಿಂತರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ನಿನ್ನ ಪೇಜಿಗೆ ಹೆಸರಿಲ್ಲದೆ ಬರೆಯುವ ಮಕ್ಕಳಿಗೆ ಆ ಅಜ್ಜನ ಋಣ ಇದೆ.

ಮರೆಯಲ್ಲಿ ನಿಂತೇ ಬರೆದ ಕವಿ ಮುದ್ದಣನ ವಿಷಯ ನಿನಗೆ ಶಾಲೆಯಲ್ಲಿ ಹೇಳಿರಬೇಕು. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಮೇಷ್ಟ್ರು. ತಾನೇ ಬರೆದ ಕಾವ್ಯವನ್ನು ಯಾರೋ ಹಳಬರದು ಅಂತ ಮೈಸೂರಿಗೆ ಕಳಿಸಿ ಅಚ್ಚು ಹಾಕಿಸಿದರು, 1901ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಸಂಕೋಚವೋ, ಜನ ಏನಂದಾರು ಎಂಬ ಅಂಜಿಕೆಯೋ. ಬಚ್ಚಿಟ್ಟುಕೊಳ್ಳುವ ಅವಕಾಶ ಇಲ್ಲದಿದ್ದರೆ ಆ ಕಾವ್ಯ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತೋ ಏನೋ ಅಂತ ನೆನೆದರೆ ನನಗೆ ಜೀವ ಝಲ್ಲೆನ್ನುತ್ತದೆ.

ಆದರೆ ಮರೆ ಅಂದುಕೊಂಡದ್ದು ನಿಜಕ್ಕೂ ಮರೆಯೇ ಅಂತ ನೋಡಿಕೊಳ್ಳಬೇಕು. ಬೇರೆ ಹೆಸರಿನಲ್ಲಿ ಖಾತೆ ತೆರೆದರೆ ಕ್ಲಾಸಿನವರಿಗೆ ಗೊತ್ತಾಗದಿರಬಹುದು. ನಿನ್ನ ಸಿಮ್ಮು ಯಾರ ಹೆಸರಿನಲ್ಲಿದೆ ಎಂದು ಫೋನಿನ ಕಂಪನಿಗೆ ಗೊತ್ತು, ಯಾವ ಐಪಿ ವಿಳಾಸದಿಂದ ಬರೆದೆ ಎಂದು ತಾಣದವರಿಗೆ ಗೊತ್ತು. 2022ರ ಜನವರಿ ಒಂದರಂದು ಮುಸ್ಲಿಂ ಹೆಣ್ಣುಮಕ್ಕಳ ಫೋಟೋ ಹಾಕಿ ಹರಾಜು ಕೂಗಿದ ‘ಬುಲ್ಲಿ ಬಾಯಿ’ ಎಂಬ ಆ್ಯಪ್ ಬಂತು. ವಾರ ಕಳೆಯುವುದರೊಳಗೆ ಪೊಲೀಸರು ಹಿಡಿದವರೆಲ್ಲ ಹದಿನೆಂಟು, ಇಪ್ಪತ್ತು, ಇಪ್ಪತ್ತೊಂದರ ಮಕ್ಕಳು. ಒಬ್ಬ ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ. ಅವರಿಗೂ ತಾವು ಯಾರಿಗೂ ಕಾಣುವುದಿಲ್ಲ ಅನ್ನಿಸಿರಬೇಕು. ಹೆಸರು ಮುಚ್ಚಿಕೊಂಡು ಬೆದರಿಕೆ ಹಾಕಿದವನಿಗೆ ಎರಡು ವರ್ಷದವರೆಗೆ ಹೆಚ್ಚಿನ ಸಜೆ ಎಂದು 1860ರ ದಂಡಸಂಹಿತೆಯಲ್ಲೇ ಬರೆದಿತ್ತು, ಹೊಸ ನ್ಯಾಯ ಸಂಹಿತೆಯಲ್ಲೂ ಅದು ಇದೆ. ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಅಕ್ಕಪಕ್ಕದವರಿಂದ ಬಚ್ಚಿಟ್ಟುಕೊಳ್ಳುವುದು ಸುಲಭ, ಅಧಿಕಾರದಲ್ಲಿ ಇರುವವರಿಂದ ಕಷ್ಟ. ಅಂದರೆ ಈ ಮರೆ ಕಲ್ಲು ಹೊಡೆಯುವವನಿಗೆ ಚೆನ್ನಾಗಿ ಒದಗುತ್ತದೆ, ಆ ಮುದುಕಿಯಂಥವಳಿಗೆ ಬೇಕಾದ ಹೊತ್ತಿನಲ್ಲಿ ಕೈಕೊಡುತ್ತದೆ. ನನಗೆ ರಾತ್ರಿ ನಿದ್ದೆ ಬಾರದಿರುವುದು ಇದಕ್ಕೆ.

ಸತ್ಯೇಂದ್ರ ದುಬೆ ಅಂತ ಒಬ್ಬ ಎಂಜಿನಿಯರು ಇದ್ದರು, ಬಿಹಾರದಲ್ಲಿ ಸುವರ್ಣ ಚತುಷ್ಕೋನ ಹೆದ್ದಾರಿಯ ಕೆಲಸದಲ್ಲಿ. ಅಲ್ಲಿಯ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿಗೆ ಪತ್ರ ಬರೆದರು. ಪತ್ರಕ್ಕೆ ಸಹಿ ಹಾಕಲಿಲ್ಲ. ಸಹಿ ಇಲ್ಲದ್ದನ್ನು ಯಾರೂ ನೋಡುವುದಿಲ್ಲ ಎಂದು ತಮ್ಮ ವಿವರ ಬೇರೆ ಹಾಳೆಯಲ್ಲಿಟ್ಟು, ಇದನ್ನು ಗುಟ್ಟಾಗಿಡಿ ಎಂದು ಕೇಳಿಕೊಂಡರು. ಆ ಹೆಸರು ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಕೊಂದವರು ದರೋಡೆಕೋರರು ಅಂತ ಸಿಬಿಐ ಹೇಳಿತು, ಕೋರ್ಟು ಶಿಕ್ಷೆಯನ್ನೂ ಕೊಟ್ಟಿತು. ಅದು ಹಾಗೇ ಇದ್ದರೂ, ಅವರು ಕೇಳಿದ ಒಂದೇ ಒಂದು ಉಪಕಾರವನ್ನು ಕಚೇರಿಗಳು ಮಾಡಲಿಲ್ಲ. ಕಚೇರಿಯಲ್ಲಿ ಕಾಗದ ಹೇಗೆ ಓಡಾಡುತ್ತದೆ ಎಂದು ಕಂಡವಳಾದ್ದರಿಂದ ನನಗೆ ಆ ಸುದ್ದಿ ಮನೆಯವರ ಸಾವಿನ ಸುದ್ದಿಯಂತೆ ಬಂತು.

ಅವರು ಹೋದ ಮೇಲೆ, 2004ರಲ್ಲಿ, ಒಂದು ವ್ಯವಸ್ಥೆ ಬಂತು. ದೂರು ಕೊಡುವವರು ಲಕೋಟೆಯ ಮೇಲೆ ಹೆಸರು ಬರೆಯಬಾರದು, ಒಳಗಿನ ಪತ್ರದಲ್ಲಿ ಬರೆಯಬೇಕು. ಅಂಟಿಸಿ ಜಾಗೃತ ಆಯೋಗಕ್ಕೆ ಕಳಿಸಬೇಕು. ಆಯೋಗ ಹೆಸರನ್ನು ತನ್ನಲ್ಲೇ ಇಟ್ಟುಕೊಂಡು ವಿಷಯವನ್ನು ಮಾತ್ರ ವಿಚಾರಣೆಗೆ ಕೊಡಬೇಕು. ಒಬ್ಬರ ಪ್ರಾಣ ಹೋಗಿ ಬಂದ ಲಕೋಟೆ ಅದು. ಊರಿಗೆಲ್ಲ ಗುಟ್ಟು, ಜವಾಬ್ದಾರಿ ಹೊತ್ತ ಒಬ್ಬರಿಗೆ ಮಾತ್ರ ಗೊತ್ತು. ಮೂವತ್ತೇಳು ವರ್ಷ ಕಾಗದ ನೋಡಿದ ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಪತ್ರಿಕೆಗಳೂ ಮೊದಲಿಂದ ಹೀಗೇ ಬದುಕಿವೆ. ಸಲಹೆ ಕೇಳಿ ಬರೆಯುವ ಅಂಕಣದಲ್ಲಿ ‘ಹೆಸರು ಬೇಡ, ಊರು ಬೇಡ’ ಅಂತ ಇರುತ್ತದೆ. ಕೊನೆಯ ಪುಟದ ಬುಡದಲ್ಲಿ ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು ಎಂದು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. 1867ರ ಕಾನೂನಿನಿಂದ ಬಂದ ಕಟ್ಟಳೆ ಅದು. ಬರೆದವಳ ಹೆಸರು ಮುಚ್ಚಿಡಬೇಕಾದರೆ ಹಾಕಿದವನ ಹೆಸರು ತೆರೆದಿರಬೇಕು. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹರಿದಾಡಿದ ಎಸ್ಸೆಮ್ಮೆಸ್ಸುಗಳಿಗೆ ಇಂಥ ಬುಡವೇ ಇರಲಿಲ್ಲ. ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದಂತೆ ಅಂತ ಯಾರೋ ಯಾರಿಗೋ ಕಳಿಸಿದರು, ಎರಡು ದಿನದಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸಲೂನು, ಹೋಟೆಲು, ಸೆಕ್ಯುರಿಟಿ ಕೆಲಸ ಮಾಡುತ್ತ ನಮ್ಮ ನಡುವೆ ಬದುಕಿದ್ದ ಮಕ್ಕಳು. ಮುಂದಕ್ಕೆ ಕಳಿಸಿದ ಒಬ್ಬೊಬ್ಬರೂ ‘ನಾನು ಬರೆದದ್ದಲ್ಲ, ಬಂದದ್ದು’ ಅಂದರು. ಟಪಾಲು ಗುಮಾಸ್ತೆ ನಾನು ಹಾಗನ್ನಬಹುದಿತ್ತು, ನಾನು ಹಂಚುತ್ತಿದ್ದದ್ದು ನಾಲ್ಕು ಗೋಡೆಯೊಳಗೆ. ಮೂರು ಸಾವಿರ ಜನರ ಮುಂದೆ ಇಡುವ ನೀನು ಹಾಗನ್ನಲಾಗದು ಮಗು.

ಅದಕ್ಕೆ ನನ್ನ ಮಾತು ಕೇಳು. ಪೇಜು ಮುಚ್ಚಬೇಡ. ಪೇಜಿನ ಮೇಲೆ ನಿನ್ನ ಹೆಸರು ಹಾಕು. ಬರೆಯುವವರ ಹೆಸರು ಕೇಳಬೇಡ, ಫಾರ್ಮಿನಲ್ಲಿ ಅವರ ಇಮೇಲು ಉಳಿಯುತ್ತಿದೆಯೋ ಎಂದು ಇವತ್ತೇ ನೋಡಿ, ಉಳಿಯುತ್ತಿದ್ದರೆ ತೆಗೆ. ಬೇಕೆಂದವರು ಮಾತ್ರ ಒಂದು ನಂಬರು ಬಿಡಲು ಜಾಗ ಮಾಡು, ಇನ್ನೊಂದು ರಾತ್ರಿ ಹಾಗೆ ಕಳೆಯುವುದು ಬೇಡ. ಯಾವ ವಿದ್ಯಾರ್ಥಿಯ ಹೆಸರೂ ಪೇಜಿಗೆ ಬರುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆ. ಬೈಕಿನ ಹುಡುಗಿಯ ಮೇಲಿನ ಸಾಲುಗಳನ್ನು ಯಾರಿಗೂ, ಗೆಳೆಯನಿಗೂ ತೋರಿಸದೆ ಅಳಿಸು. ಅದು ನಿನ್ನ ಹಂಡೆ ಒಲೆ.

ಲ್ಯಾಬಿನ ಹುಡುಗಿಯದನ್ನು ಅಳಿಸಬೇಡ, ಹಾಕಲೂ ಬೇಡ. ತಾರೀಖು ಕಾಣುವಂತೆ ಪ್ರಿಂಟು ತೆಗೆದು ಇಡು. ಅದನ್ನು ಹಾಕಿದರೆ ಮೂರು ಸಾವಿರ ಜನ ಓದುತ್ತಾರೆ, ಅದರಲ್ಲಿ ಆ ಮೇಷ್ಟ್ರೂ ಒಬ್ಬರು. ಆ ಬ್ಯಾಚಿನಲ್ಲಿ ಆರೇ ಹುಡುಗಿಯರು ಎಂದು ನೀನೇ ಹೇಳಿದೆ. ಬರೆದವಳು ಯಾರೆಂದು ಸಂಜೆಯೊಳಗೆ ಅವರಿಗೆ ಗೊತ್ತಾಗುತ್ತದೆ, ಅಂಕ ಅವರ ಕೈಯಲ್ಲೇ ಇದೆ. ಒಂದು ವೇಳೆ ಮಾತು ಸುಳ್ಳಾಗಿದ್ದರೆ ಒಬ್ಬ ಮನುಷ್ಯನ ಮನೆ ಹಾಳಾಗುತ್ತದೆ. ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು, ಯುಜಿಸಿಯ 2015ರ ನಿಯಮದಂತೆ ವಿದ್ಯಾರ್ಥಿನಿಯರೂ ಅಲ್ಲಿಗೆ ಹೋಗಬಹುದು. ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು, ಕೊಟ್ಟವರ ಹೆಸರನ್ನು ಹೊರಗೆ ಬಿಡುವಂತಿಲ್ಲ. ಅದೂ ಲಕೋಟೆಯೇ, ಒಳಗಿರುವವರು ಅದನ್ನು ಗುಟ್ಟಾಗಿ ಇಟ್ಟಾರೋ ಎಂಬ ಭಯ ಆ ಮಗುವಿಗೆ ಇದ್ದರೆ ಅದು ಸುಳ್ಳು ಭಯವಲ್ಲ.

ಅದಕ್ಕೇ ಯಾರ ಸುದ್ದಿಯನ್ನೂ ಎತ್ತದೆ, ಎಲ್ಲರಿಗೂ ಹೇಳುವಂತೆ ಪೇಜಿನಲ್ಲಿ ಹೀಗೆ ಹಾಕು: ಸಮಿತಿಯಲ್ಲಿ ಯಾರಿದ್ದಾರೆ, ಎಲ್ಲಿ ಕೂರುತ್ತಾರೆ, ದೂರು ಹೇಗೆ ಬರೆಯಬೇಕು. ಒಬ್ಬಳೇ ಹೋಗಲು ಹೆದರಿಕೆಯಾಗುವವರು ಈ ನಂಬರಿಗೆ ಫೋನು ಮಾಡಿ, ಜೊತೆಗೆ ಬರುತ್ತಾರೆ. ಕೆಳಗೆ ನನ್ನ ನಂಬರು ಹಾಕು, ನನ್ನ ಪೂರ್ತಿ ಹೆಸರು, ನಿವೃತ್ತ ಶಿರಸ್ತೇದಾರ್ ಅಂತ. ನನಗೆ ಯಾರ ಭಯವೂ ಇಲ್ಲ, ಪೆನ್ಷನ್ನು ನಿಲ್ಲಿಸುವುದು ಯಾರ ಕೈಲೂ ಆಗುವುದಿಲ್ಲ.

ಶನಿವಾರ ಬೆಳಗಿನ ಆರೂವರೆ ಬಸ್ಸಿಗೆ ಹೊರಡುತ್ತೇನೆ. ಅಷ್ಟರೊಳಗೆ ಆ ಹುಡುಗಿ ಫೋನು ಮಾಡಿದರೆ ಅವಳನ್ನು ಕರೆದುಕೊಂಡು, ಮಾಡದಿದ್ದರೆ ನಾವಿಬ್ಬರೇ, ಸಮಿತಿಯ ಮೇಡಂ ಅನ್ನು ಒಮ್ಮೆ ನೋಡಿಕೊಂಡು ಬರೋಣ. ಲಕೋಟೆ ಕೊಡಬಹುದಾದ ಕೈ ಹೌದೋ ಅಲ್ಲವೋ ಎಂದು ಮುಖ ನೋಡಿದರೆ ನನಗೆ ತಿಳಿಯುತ್ತದೆ. ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರು. ಚಕ್ಕುಲಿ ತರುತ್ತೇನೆ.